ಬಲ, ಎಡ, ಮತ್ತೆ ಬಲ: ಮಕ್ಕಳಿಗೆ ರಸ್ತೆ ದಾಟಲು ಕಲಿಸುವ ಬಗೆ

ಬೇಸಿಗೆ ರಜೆ ಮುಗಿದು ಶಾಲೆಯ ಗೇಟು ತೆರೆಯಿತೆಂದರೆ ಮೈಸೂರು, ಮಂಡ್ಯದ ರಸ್ತೆಗಳಿಗೆ ಒಮ್ಮೆಗೇ ಸಾವಿರಾರು ಪುಟ್ಟ ಕಾಲುಗಳು ಇಳಿಯುತ್ತವೆ. ಒಂದನೇ ತರಗತಿಗೆ ಸೇರಿದ ಮಗುವಿಗೆ ರಸ್ತೆಯೇ ಹೊಸದು. ಹಳ್ಳಿಯ ಶಾಲೆ ಮುಗಿಸಿ ಪೇಟೆಯ ಹೈಸ್ಕೂಲಿಗೆ ಬಂದ ಹುಡುಗಿಗೆ ಇಲ್ಲಿನ ವೇಗ ಹೊಸದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಜೀವ ಕಳೆದುಕೊಂಡ 18 ವರ್ಷದೊಳಗಿನ ಮಕ್ಕಳು 9,528.

ಮೂರನೇ ತರಗತಿಯಲ್ಲಿ ನಿಂತು ‘ರಸ್ತೆ ದಾಟುವ ಮುಂಚೆ ಏನು ಮಾಡಬೇಕು?’ ಎಂದು ಕೇಳಿ ನೋಡಿ. ಎಲ್ಲ ಕೈಗಳೂ ಮೇಲೇಳುತ್ತವೆ, ‘ಆ ಕಡೆ ಈ ಕಡೆ ನೋಡಬೇಕು’ ಎಂಬ ಉತ್ತರ ಒಂದೇ ದನಿಯಲ್ಲಿ ಬರುತ್ತದೆ. ಸಂಜೆ ಗಂಟೆ ಹೊಡೆದಾಗ ಅದೇ ಮಗು ರಸ್ತೆಯಾಚೆ ನಿಂತ ಅಜ್ಜಿಯನ್ನು ಕಂಡೊಡನೆ ಯಾವ ಕಡೆಯೂ ನೋಡದೆ ಓಡಿಬಿಡುತ್ತದೆ. ಗೊತ್ತಿರುವುದು ಬೇರೆ, ಮೈಗೂಡುವುದು ಬೇರೆ. ದಾಟಲು ಸರಿಯಾದ ಜಾಗ ಆರಿಸುವುದು, ಬರುವ ವಾಹನವನ್ನು ಅಂದಾಜು ಮಾಡುವುದು, ಕಾಯುವುದು, ನೇರವಾಗಿ ನಡೆಯುವುದು ಇವೆಲ್ಲ ಸೇರಿ ಪಾದಚಾರಿ ಕೌಶಲ. ನಾಲೆಯ ದಡದಲ್ಲಿ ನಿಂತು ಪಾಠ ಒಪ್ಪಿಸಿದರೆ ಈಜು ಬರುವುದಿಲ್ಲವಲ್ಲ, ಇದೂ ಹಾಗೆಯೇ. ರಸ್ತೆಯ ಅಂಚಿನಲ್ಲಿ ನಿಂತು, ದೊಡ್ಡವರ ಕೈ ಹಿಡಿದು, ಮತ್ತೆ ಮತ್ತೆ ಮಾಡಿಯೇ ಕಲಿಯಬೇಕು.

ಮಗುವಿಗೆ ಕಾಣುವ ರಸ್ತೆ

ಆರೇಳು ವರ್ಷದ ಮಗುವಿನ ಎತ್ತರ ಸುಮಾರು 115 ಸೆಂ.ಮೀ. ಕಣ್ಣು ಅದಕ್ಕಿಂತ ಹತ್ತು ಹನ್ನೆರಡು ಸೆಂ.ಮೀ. ಕೆಳಗಿರುತ್ತದೆ. ನಿಂತಿರುವ ಕಾರಿನ ಮೇಲಿಂದ ನಾವು ರಸ್ತೆ ನೋಡುತ್ತೇವೆ, ಮಗುವಿಗೆ ಆ ಕಾರು ಗೋಡೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಆ ಗೋಡೆಯ ಹಿಂದಿರುವ ಮಗು ಚಾಲಕನಿಗೂ ಕಾಣುವುದಿಲ್ಲ. ಕಲಿಸಲು ಹೊರಟವರು ಮೊದಲು ಶಾಲೆಯ ಗೇಟಿನ ಮುಂದೆ ಎರಡು ನಿಮಿಷ ಮಂಡಿಯೂರಿ ಕೂತು ರಸ್ತೆ ನೋಡಬೇಕು. ಎಲ್ಲಿ ದಾಟಿಸಬಾರದು ಎನ್ನುವುದು ಆಗಲೇ ಅರ್ಧ ಗೊತ್ತಾಗುತ್ತದೆ.

ವಾಹನ ಹತ್ತಿರ ಬರುತ್ತಿದೆ ಎಂದು ನಾವು ತಿಳಿಯುವುದು ಅದರ ಆಕಾರ ಕಣ್ಣಿನಲ್ಲಿ ದೊಡ್ಡದಾಗುತ್ತಾ ಹೋಗುವುದರಿಂದ. ಈ ಹಿಗ್ಗುವಿಕೆಯನ್ನು ಗುರುತಿಸುವ ಶಕ್ತಿ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನವನ್ನು ಈ ಮಕ್ಕಳು ನಂಬುವಂತೆ ಅಂದಾಜು ಮಾಡಲಾರರು ಎಂದು ಬ್ರಿಟನ್ನಿನ ರಾಯಲ್ ಹಾಲೊವೇ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಅಂದರೆ ವಾಹನ ಎಷ್ಟು ವೇಗವಾಗಿ ಬರುತ್ತದೋ ಮಗುವಿನ ಅಂದಾಜು ಅಷ್ಟು ಹೆಚ್ಚು ತಪ್ಪುತ್ತದೆ. ‘ಕಾರು ಅಲ್ಲೇ ನಿಂತಿತ್ತು’ ಎಂದು ಮಗು ಹೇಳಿದರೆ ಅದು ಸುಳ್ಳಲ್ಲ, ಅದಕ್ಕೆ ಕಂಡದ್ದೇ ಹಾಗೆ. ಬೈಕು ಕಾರಿಗಿಂತ ಕಿರಿದು, ಹಾಗಾಗಿ ಅದರ ಅಂದಾಜು ಇನ್ನೂ ಕಷ್ಟ.

ಸದ್ದು ಯಾವ ಕಡೆಯಿಂದ ಬಂತೆಂದು ಗುರುತಿಸುವುದರಲ್ಲೂ ಸಣ್ಣ ಮಕ್ಕಳು ಹಿಂದೆ. ಬ್ಯಾಟರಿ ಸ್ಕೂಟರುಗಳಿಗಂತೂ ಸದ್ದೇ ಇಲ್ಲವೆನ್ನಬೇಕು, ಆದ್ದರಿಂದ ಕಿವಿಯೊಂದನ್ನೇ ನಂಬಲು ಹೇಳಿಕೊಡಬಾರದು. ಇನ್ನು ಗಮನ. ಸಣ್ಣ ಮಗುವಿನ ಮನಸ್ಸು ಒಂದು ಸಲಕ್ಕೆ ಒಂದನ್ನೇ ಹಿಡಿಯುತ್ತದೆ. ಚೆಂಡು ರಸ್ತೆಗೆ ಉರುಳಿದಾಗ ಅದಕ್ಕೆ ಚೆಂಡು ಮಾತ್ರ ಕಾಣುತ್ತದೆ. ಇದನ್ನು ತುಂಟತನವೆಂದು ಬೈದು ತಿದ್ದಲಾಗದು, ವಯಸ್ಸಿನ ಮಿತಿಯೆಂದು ಒಪ್ಪಿಕೊಂಡು ಕಾಯಬೇಕು.

ವೇಗದ ಲೆಕ್ಕ

ಚಾಲಕ ಮಗುವನ್ನು ಕಂಡು ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ ಕಡಿಮೆಯೆಂದರೂ ಒಂದು ಸೆಕೆಂಡು ಹೋಗುತ್ತದೆ. ಆ ಸೆಕೆಂಡಿನಲ್ಲಿ ವಾಹನ ಪೂರ್ಣ ವೇಗದಲ್ಲೇ ಓಡುತ್ತಿರುತ್ತದೆ, ಬ್ರೇಕ್ ಹಿಡಿದ ಮೇಲೂ ಒಂದಷ್ಟು ದೂರ ಸಾಗಿ ನಿಲ್ಲುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಎಂದಿಟ್ಟುಕೊಂಡರೆ ಗಂಟೆಗೆ 30 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 13 ಮೀಟರ್ ಬೇಕು, 40ಕ್ಕೆ 20 ಮೀಟರ್, 60ಕ್ಕೆ 37 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುವುದೇ ಇದಕ್ಕೆ ಕಾರಣ. ಮಳೆ ಬಿದ್ದ ರಸ್ತೆಯಲ್ಲಿ, ತುಂಬಿದ ಬಸ್ಸಿಗೆ, ಹೇರು ಹೊತ್ತ ಟ್ರ್ಯಾಕ್ಟರಿಗೆ ಇದು ಇನ್ನೂ ಹೆಚ್ಚು.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡೋಣ. ಕಾರಿನಿಂದ 13 ಮೀಟರ್ ಮುಂದೆ ಮಗು ರಸ್ತೆಗೆ ಓಡಿಬಂತು. ಕಾರು 30ರಲ್ಲಿದ್ದರೆ ಮಗುವಿನ ಹತ್ತಿರ ಬಂದು ನಿಂತುಬಿಡುತ್ತದೆ. 40ರಲ್ಲಿದ್ದರೆ ಅದೇ ಜಾಗಕ್ಕೆ ಬರುವಾಗ ಇನ್ನೂ ಸುಮಾರು 35 ಕಿ.ಮೀ. ವೇಗ ಉಳಿದಿರುತ್ತದೆ. 60ರಲ್ಲಿದ್ದರೆ ಚಾಲಕ ಆಗಿನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ಶಾಲೆಯ ಮುಂದೆ ಹತ್ತು ಕಿ.ಮೀ. ವೇಗ ತಗ್ಗಿಸಿ ಎಂದು ಅಷ್ಟೊಂದು ಬೇಡಿಕೊಳ್ಳುವುದು ಈ ಕಾರಣಕ್ಕೆ.

ಈಗ ಮಗುವಿನ ಕಡೆಯ ಲೆಕ್ಕ. ಎರಡು ಸಾಲು ವಾಹನ ಓಡಾಡುವ ರಸ್ತೆಯ ಅಗಲ ಸಾಮಾನ್ಯವಾಗಿ 7 ಮೀಟರ್. ಸಣ್ಣ ಮಗು ಸೆಕೆಂಡಿಗೆ ಒಂದು ಮೀಟರ್ ನಡೆದರೆ ದಾಟಲು ಏಳು ಸೆಕೆಂಡು ಬೇಕು. ಆ ಏಳು ಸೆಕೆಂಡಿನಲ್ಲಿ 40ರ ವೇಗದ ವಾಹನ ಸುಮಾರು 80 ಮೀಟರ್, 60ರ ವೇಗದ್ದು ಸುಮಾರು 120 ಮೀಟರ್ ಬಂದಿರುತ್ತದೆ. ಮಕ್ಕಳಿಗೆ ಮೀಟರ್ ಅರ್ಥವಾಗದು, ಕಂಬ ಅರ್ಥವಾಗುತ್ತದೆ. ಶಾಲೆಯ ರಸ್ತೆಯ ಎರಡು ದೀಪದ ಕಂಬಗಳ ನಡುವಿನ ದೂರವನ್ನು ಒಮ್ಮೆ ಅಳೆದುಕೊಳ್ಳಿ. ಅದು 30 ಮೀಟರ್ ಇದ್ದರೆ, ‘ಅಕೋ, ಆ ನಾಲ್ಕನೇ ಕಂಬದ ಈಚೆಗೆ ಗಾಡಿ ಇದ್ರೆ ನಾವು ಕಾಯೋದು’ ಎಂದು ತೋರಿಸಬಹುದು.

ಇದಕ್ಕೆ ರಸ್ತೆಗೆ ಇಳಿಯದೆಯೇ ಆಡುವ ಆಟವೊಂದಿದೆ. ಮಗುವನ್ನು ಕೈಹಿಡಿದು ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿಸಿಕೊಳ್ಳಿ. ದಾಟಬಹುದು ಅನ್ನಿಸಿದ ಕ್ಷಣದಲ್ಲಿ ಮಗು ‘ಈಗ’ ಎನ್ನಬೇಕು. ಅಲ್ಲಿಂದ ಇಬ್ಬರೂ ಗಡಿಯಾರ ನೋಡಿ ಸೆಕೆಂಡು ಎಣಿಸಬೇಕು. ಏಳು ಆಗುವ ಮುಂಚೆಯೇ ವಾಹನ ಎದುರಿನಿಂದ ಹಾದುಹೋದರೆ ಆ ‘ಈಗ’ ತಪ್ಪು, ಹತ್ತು ದಾಟಿದರೆ ಸರಿ. ಮೊದಲ ದಿನ ತಪ್ಪುಗಳೇ ಹೆಚ್ಚಿರುತ್ತವೆ. ಬೈಯಬೇಡಿ, ಎಣಿಕೆಯೇ ಕಲಿಸುತ್ತದೆ.

ದಾಟುವ ಹೆಜ್ಜೆಗಳು

ಜೀಬ್ರಾ ಪಟ್ಟೆ, ಸಿಗ್ನಲ್ ಅಥವಾ ಎರಡೂ ಕಡೆ ದೂರದವರೆಗೆ ಕಾಣುವ ನೇರ ರಸ್ತೆ, ಇವುಗಳಲ್ಲಿ ಒಂದನ್ನು ಆರಿಸಬೇಕು. ತಿರುವು, ಏರಿನ ನೆತ್ತಿ, ಕಸದ ತೊಟ್ಟಿಯ ಮರೆ ಬೇಡ. ಫುಟ್‌ಪಾತಿನ ಅಂಚಿಗೆ ಬಂದು ಪೂರ್ತಿ ನಿಲ್ಲಬೇಕು. ನಡೆಯುತ್ತಲೇ ಕತ್ತು ತಿರುಗಿಸಿದರೆ ನೋಡಿದಂತಾಗುವುದಿಲ್ಲ. ಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ಕತ್ತು ತಿರುಗುತ್ತದೆ, ಕಣ್ಣು ನೋಡುವುದಿಲ್ಲ. ‘ಏನು ಕಾಣ್ತಿದೆ ಹೇಳು’ ಎಂದು ಕೇಳಿ. ‘ಕೆಂಪು ಬಸ್ಸು, ಒಂದು ಬೈಕು’ ಎಂದು ಬಾಯಿಬಿಟ್ಟು ಹೇಳಿದರೆ ನೋಡಿದೆ ಎಂದರ್ಥ.

ಮೊದಲು ಬಲಕ್ಕೆ ಏಕೆ? ನಮ್ಮಲ್ಲಿ ವಾಹನಗಳು ರಸ್ತೆಯ ಎಡಗಡೆ ಚಲಿಸುತ್ತವೆ. ಹಾಗಾಗಿ ಅಂಚಿನಲ್ಲಿ ನಿಂತವರಿಗೆ ಹತ್ತಿರದ ಅರ್ಧ ರಸ್ತೆಯ ವಾಹನ ಬಲಗಡೆಯಿಂದ ಬರುತ್ತದೆ, ಮೊದಲ ಹೆಜ್ಜೆಗೆ ಸಿಗುವುದು ಅದೇ. ದೂರದ ಅರ್ಧದಲ್ಲಿ ಎಡಗಡೆಯಿಂದ ಬರುವುದನ್ನು ಆಮೇಲೆ ನೋಡಬೇಕು. ಅಷ್ಟರಲ್ಲಿ ಬಲಗಡೆ ಹೊಸ ವಾಹನ ಬಂದಿರಬಹುದು, ಅದಕ್ಕೇ ಮತ್ತೆ ಬಲಕ್ಕೆ. ಡಿವೈಡರ್ ಇದ್ದರೆ ಅದನ್ನು ಎರಡು ಬೇರೆ ರಸ್ತೆಗಳೆಂದು ತಿಳಿಯಬೇಕು. ನಡುವೆ ನಿಂತು, ಉಳಿದರ್ಧಕ್ಕೆ ಎಡಗಡೆಯಿಂದ ನೋಟ ಶುರು. ಏಕಮುಖ ರಸ್ತೆಯಲ್ಲೂ ಎರಡೂ ಕಡೆ ನೋಡುವುದು ತಪ್ಪಬಾರದು, ಎದುರು ದಿಕ್ಕಿನಲ್ಲಿ ನುಗ್ಗುವ ಸ್ಕೂಟರುಗಳಿಗೆ ನಮ್ಮಲ್ಲಿ ಬರವಿಲ್ಲ. ಎಡ ಬಲ ಇನ್ನೂ ತಿಳಿಯದ ಮಗುವಿಗೆ ‘ಊಟ ಮಾಡೋ ಕೈ ಕಡೆ’ ಎಂದರೆ ಸಾಕು.

ದಾಟುವಾಗ ನೇರವಾಗಿ ನಡೆಯಬೇಕು. ಓಡಿದರೆ ಎಡವಿ ಬೀಳುವ ಸಂಭವ, ಓರೆಯಾಗಿ ಹೋದರೆ ರಸ್ತೆಯ ಮೇಲಿರುವ ಹೊತ್ತು ಹೆಚ್ಚು. ಚಪ್ಪಲಿಯೋ ಪೆನ್ಸಿಲ್ ಡಬ್ಬಿಯೋ ಬಿದ್ದರೆ ಹಿಂದಿರುಗಬಾರದು ಎನ್ನುವುದನ್ನೂ ಮೊದಲೇ ಹೇಳಿಟ್ಟಿರಬೇಕು, ಇಲ್ಲದಿದ್ದರೆ ಮಗು ನಡುರಸ್ತೆಯಲ್ಲಿ ಬಗ್ಗುತ್ತದೆ.

ಜೀಬ್ರಾ ಪಟ್ಟೆಯ ಮೇಲಿರುವವರಿಗೆ ವಾಹನ ನಿಲ್ಲಿಸಿ ದಾರಿ ಕೊಡಬೇಕೆಂಬುದು ನಿಯಮ. ಆದರೆ ಬಿಳಿ ಬಣ್ಣ ವಾಹನವನ್ನು ತಡೆಯುವುದಿಲ್ಲ. ವಾಹನ ನಿಂತ ಮೇಲೆ, ಚಾಲಕ ತನ್ನನ್ನು ನೋಡಿದ ಮೇಲೆ ಕಾಲಿಡಲು ಕಲಿಸಬೇಕು. ಒಂದು ಕಾರು ನಿಂತಿತೆಂದು ಅದರ ಪಕ್ಕದಿಂದ ಬರುವ ಬೈಕೂ ನಿಲ್ಲುವುದಿಲ್ಲ. ಕೈ ಎತ್ತಿ ತೋರಿಸಿಕೊಂಡೇ ರಸ್ತೆಗೆ ಇಳಿಯುವ ನಮ್ಮ ಅಭ್ಯಾಸವನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಸಣ್ಣ ಮಗುವಿನ ಎತ್ತಿದ ಕೈ ಕಾರಿನ ಮರೆಯಲ್ಲಿ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಆ ಪಾಠ ಬೇಡವೇ ಬೇಡ.

ಆಟೊ, ವ್ಯಾನ್ ನಡುವಿನ ಸಂದಿ

ನಿಂತ ವಾಹನಗಳ ನಡುವೆ ದಾಟಬಾರದು ಎಂಬುದು ನಿಯಮ. ಆದರೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಎರಡೂ ಕಡೆ ಆಟೊ, ವ್ಯಾನ್, ಸ್ಕೂಟರುಗಳ ಸಾಲು, ಅದರ ಮೇಲೊಂದು ತಳ್ಳುಗಾಡಿ. ಬೇರೆ ಜಾಗವೇ ಇಲ್ಲದ ದಿನ ಮಗು ಏನು ಮಾಡಬೇಕು? ಇದನ್ನು ಬೇರೆಯಾಗಿಯೇ ಕಲಿಸಬೇಕು.

ಮೊದಲು ಸಂದಿಯ ಆಯ್ಕೆ. ಮಗು ನಡೆದುಹೋಗುವಷ್ಟು ಅಗಲ, ವಾಹನ ನುಗ್ಗಲಾಗದಷ್ಟು ಕಿರಿದು ಇರಬೇಕು. ಎರಡೂ ಪಕ್ಕದ ವಾಹನಗಳಲ್ಲಿ ಚಾಲಕ ಕೂತಿದ್ದಾನೆಯೇ, ಇಂಜಿನ್ ಸದ್ದು ಇದೆಯೇ, ಹಿಂದಿನ ಬಿಳಿ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ಬಿಳಿ ದೀಪ ಉರಿದರೆ ಆ ವಾಹನ ಹಿಂದಕ್ಕೆ ಬರಲಿದೆ. ಇವುಗಳಲ್ಲಿ ಒಂದಿದ್ದರೂ ಆ ಸಂದಿ ಬಿಟ್ಟು ಮುಂದಿನದಕ್ಕೆ ಹೋಗಬೇಕು.

ಆಮೇಲೆ ಎರಡು ನಿಲುಗಡೆ. ಒಂದು ಫುಟ್‌ಪಾತಿನ ಅಂಚಿನಲ್ಲಿ. ಅಲ್ಲಿ ರಸ್ತೆ ಕಾಣುವುದಿಲ್ಲ, ಸಂದಿಯಷ್ಟೇ ಕಾಣುತ್ತದೆ. ಅಲ್ಲಿಂದ ಮೆಲ್ಲಗೆ ನಡೆದು ನಿಂತ ವಾಹನದ ಹೊರ ಅಂಚಿಗೆ, ಅಂದರೆ ರಸ್ತೆ ಕಡೆಯ ಮೂಲೆಗೆ ಬರಬೇಕು. ಎರಡನೇ ನಿಲುಗಡೆ ಇಲ್ಲಿ. ಕಾಲು ವಾಹನದ ಗೆರೆಯೊಳಗೇ ಇರಬೇಕು, ಮುಖ ಮಾತ್ರ ಹೊರಗೆ ಇಣುಕಬೇಕು. ಈ ಮೂಲೆಯೇ ಮಗುವಿನ ನಿಜವಾದ ರಸ್ತೆ ಅಂಚು. ಬಲ, ಎಡ, ಮತ್ತೆ ಬಲ ನೋಡುವುದು ಇಲ್ಲಿಂದ. ಮಕ್ಕಳು ತಪ್ಪುವುದು ಹೀಗೆ: ಫುಟ್‌ಪಾತಿನ ಬಳಿ ನೋಡಿ, ಏನೂ ಕಾಣದಿದ್ದಾಗ ‘ಏನೂ ಬರುತ್ತಿಲ್ಲ’ ಎಂದುಕೊಂಡು ಸಂದಿಯಿಂದ ಓಡುತ್ತಾರೆ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ತಿಳಿದರೆ ಈ ಪಾಠ ಮುಗಿದಂತೆ. ಶಾಲೆಯ ಅಂಗಳದಲ್ಲಿ ಮೇಷ್ಟ್ರ ಎರಡು ಸ್ಕೂಟರ್ ನಿಲ್ಲಿಸಿ, ಸುಣ್ಣದ ಗೆರೆ ಎಳೆದು ಮೊದಲು ಅಲ್ಲಿ ಮಾಡಿಸಿ.

ಸರ್ಕಲ್ಲು ಮತ್ತು ಸರ್ವಿಸ್ ರಸ್ತೆ

ಮೈಸೂರೆಂದರೆ ಸರ್ಕಲ್ಲುಗಳ ಊರು. ಸರ್ಕಲ್ಲಿನ ಸುತ್ತ ವಾಹನಗಳು ದೇವಸ್ಥಾನದ ಪ್ರದಕ್ಷಿಣೆಯಂತೆ ಸುತ್ತಿ, ತಮ್ಮ ರಸ್ತೆ ಬಂದಾಗ ಎಡಕ್ಕೆ ಹೊರಳುತ್ತವೆ. ಕೆ.ಆರ್. ಸರ್ಕಲ್ಲಿನಂಥ ಕಡೆ ನಡುವಿನ ಪ್ರತಿಮೆಯತ್ತ ನೇರ ನುಗ್ಗಿ ದಾಟುವುದು ಎಲ್ಲಕ್ಕಿಂತ ಅಪಾಯ, ಯಾಕೆಂದರೆ ಎಲ್ಲ ರಸ್ತೆಯ ವಾಹನವೂ ಅಲ್ಲಿ ಸುತ್ತುತ್ತಿರುತ್ತದೆ. ಸರ್ಕಲ್ಲಿನಿಂದ ಹೊರಡುವ ರಸ್ತೆಯಲ್ಲಿ ಹತ್ತಿಪ್ಪತ್ತು ಮೀಟರ್ ಒಳಕ್ಕೆ ನಡೆದು, ಪಟ್ಟೆ ಇರುವಲ್ಲಿ, ಒಂದೊಂದೇ ರಸ್ತೆಯನ್ನು ದಾಟುತ್ತಾ ಸುತ್ತುಬಳಸಿ ಹೋಗಬೇಕು. ಎಡಕ್ಕೆ ತಿರುಗುವ ಎಷ್ಟೋ ವಾಹನಗಳು ಇಂಡಿಕೇಟರ್ ಹಾಕುವುದಿಲ್ಲ. ಆದ್ದರಿಂದ ದೀಪ ಬಿಟ್ಟು ಮುಂದಿನ ಚಕ್ರ ಯಾವ ಕಡೆ ತಿರುಗುತ್ತಿದೆ ಎಂದು ನೋಡಲು ಹೇಳಿಕೊಡಿ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಪಕ್ಕದ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಹಳ್ಳಿಗಳಿಗೆ ಬೇರೆ ಲೆಕ್ಕ. ಅಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು ಏಳು ಸೆಕೆಂಡಿನಲ್ಲಿ ಸುಮಾರು 195 ಮೀಟರ್ ಸಾಗುತ್ತದೆ. ಬೇಲಿಯ ಕಿಂಡಿ ಎಷ್ಟೇ ಹತ್ತಿರವಿರಲಿ, ಅಂಡರ್‌ಪಾಸ್ ಎಷ್ಟೇ ದೂರವಿರಲಿ, ಮಕ್ಕಳು ಅಂಡರ್‌ಪಾಸಿನಲ್ಲೇ ಹೋಗಬೇಕು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಅವೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ. ಪಕ್ಕದ ರಸ್ತೆಯೆಂದು ಅದನ್ನು ಹಗುರಾಗಿ ಕಾಣಬಾರದು.

ಫುಟ್‌ಪಾತ್ ಇಲ್ಲದ ಹಾದಿ

‘ಯಾವಾಗಲೂ ಎಡಗಡೆ ನಡೆಯಿರಿ’ ಎಂದು ಎಷ್ಟೋ ಕಡೆ ಇಂದಿಗೂ ಹೇಳಿಕೊಡುತ್ತಾರೆ. ಅದು ವಾಹನಗಳಿಗೆ ಹೇಳಿದ ಮಾತು. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎಡಗಡೆ ನಡೆದರೆ ವಾಹನ ಬೆನ್ನ ಹಿಂದಿನಿಂದ ಬರುತ್ತದೆ. ಬಲಗಡೆ ನಡೆದರೆ ಹತ್ತಿರದ ವಾಹನ ಎದುರಿಗೇ ಬರುತ್ತದೆ, ಸರಿಯಲು ಒಂದೆರಡು ಸೆಕೆಂಡು ಸಿಗುತ್ತದೆ. ಆದ್ದರಿಂದ ಬಲ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು, ಚಿಕ್ಕವರನ್ನು ನಡುವೆ ಬಿಟ್ಟು ನಡೆಯಬೇಕು. ರಸ್ತೆ ಬಲಕ್ಕೆ ತಿರುಗುವ ಮೂಲೆಯಲ್ಲಿ ಮಾತ್ರ ಎದುರಿನ ಚಾಲಕನಿಗೆ ನೀವು ಕಾಣುವುದಿಲ್ಲ. ಅಲ್ಲಿಗೆ ಮುಂಚೆಯೇ ಎಡಕ್ಕೆ ದಾಟಿ, ತಿರುವು ಕಳೆದ ಮೇಲೆ ಬಲಕ್ಕೆ ಮರಳಬೇಕು.

ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ತಿಳಿಯದೆ ಯಾವ ಪಾಠವೂ ಪೂರ್ತಿಯಾಗದು. ಎರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್ ತಿರುಗುವಾಗ ಹಿಂದಿನ ಟ್ರೈಲರ್ ಇಂಜಿನ್ನಿನ ಜಾಡಿನಲ್ಲೇ ಬರುವುದಿಲ್ಲ, ಮೂಲೆಯ ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಇಂಜಿನ್ ದಾಟಿಹೋಯಿತೆಂದು ಮೂಲೆಯಲ್ಲೇ ನಿಂತ ಮಗುವಿನ ಕಾಲಿನ ಮೇಲೆ ಹರಿಯುವುದು ಆ ಕೊನೆಯ ಚಕ್ರ. ಎರಡೂ ಪಕ್ಕಕ್ಕೆ ಚಾಚಿದ ಕಬ್ಬಿನ ತುದಿ ಮುಖಕ್ಕೆ ಬಡಿಯುತ್ತದೆ. ಟ್ರ್ಯಾಕ್ಟರ್ ಕಂಡರೆ ರಸ್ತೆ ಬಿಟ್ಟು ಎರಡು ಮೀಟರ್ ಹಿಂದೆ ಸರಿದು, ಕೊನೆಯ ಟ್ರೈಲರ್ ಹೋಗುವ ತನಕ ನಿಲ್ಲಬೇಕು. ಓಡುವ ಗಾಡಿಯಿಂದ ಕಬ್ಬು ಎಳೆಯುವ ಆಸೆ ಮಕ್ಕಳಿಗೆ ಸಹಜ. ಜಲ್ಲೆ ಒಮ್ಮೆಗೇ ಬಾರದೆ ಹೋದರೆ ಅದು ಮಗುವನ್ನೇ ಎಳೆದುಕೊಳ್ಳುತ್ತದೆ. ಇದನ್ನು ಹೆಸರು ಹಿಡಿದು, ಬಿಡಿಸಿ ಹೇಳಬೇಕು.

ರಾಗಿ, ಹುರುಳಿ ಒಕ್ಕಣೆಗೆ ರಸ್ತೆ ಮೇಲೆ ಹುಲ್ಲು ಹರವಿದ ಕಡೆ ಬೈಕುಗಳು ಜಾರುತ್ತವೆ. ಅಲ್ಲಿ ರಸ್ತೆಯ ಅಂಚಿನಿಂದ ಇನ್ನಷ್ಟು ಆಚೆಗೆ ಸರಿದು ನಡೆಯುವುದು ಕ್ಷೇಮ.

ಕತ್ತಲಾದ ಮೇಲೆ ಟ್ಯೂಷನ್‌ನಿಂದ ಬರುವ ಮಗು ಕಡು ಬಣ್ಣದ ಸ್ವೆಟರ್ ತೊಟ್ಟಿದ್ದರೆ ತಗ್ಗಿಸಿದ ಹೆಡ್‌ಲೈಟಿಗೆ ಕಾಣುವುದು ಸುಮಾರು 30 ಮೀಟರ್‌ನಿಂದ. 60ರ ವೇಗದ ಕಾರಿಗೆ ನಿಲ್ಲಲು 37 ಮೀಟರ್ ಬೇಕೆಂದು ಮೇಲೆ ನೋಡಿದೆವಲ್ಲ. ಬ್ಯಾಗಿನ ಹಿಂದೆ, ಎರಡೂ ಪಟ್ಟಿಗಳ ಮೇಲೆ ಅಂಗೈ ಉದ್ದದ ರಿಫ್ಲೆಕ್ಟರ್ ಟೇಪ್ ಹೊಲಿದರೆ ಅದೇ ಮಗು ನೂರು ಮೀಟರ್‌ಗಿಂತ ಆಚೆಯಿಂದಲೇ ಮಿನುಗುತ್ತದೆ. ಮಳೆಗಾಲದ ಇನ್ನೊಂದು ಸೂಕ್ಷ್ಮ: ರೈನ್‌ಕೋಟಿನ ಟೊಪ್ಪಿಯೊಳಗೆ ತಲೆ ತಿರುಗುತ್ತದೆ, ಟೊಪ್ಪಿ ತಿರುಗುವುದಿಲ್ಲ, ಮಗುವಿಗೆ ಕಾಣುವುದು ಟೊಪ್ಪಿಯ ಒಳಬದಿ. ದಾಟುವ ಮುಂಚೆ ಟೊಪ್ಪಿ ಹಿಂದಕ್ಕೆ ಸರಿಸಬೇಕು, ಕೊಡೆ ಮೇಲೆತ್ತಬೇಕು.

ಬಸ್ಸಿಳಿದ ಮೇಲೆ

ಬಸ್ಸಿನ ಮುಂದೆಯೂ ದಾಟಬಾರದು, ಹಿಂದೆಯೂ ದಾಟಬಾರದು. ಎತ್ತರದಲ್ಲಿ ಕೂತ ಚಾಲಕನಿಗೆ ಮೂತಿಯ ಮುಂದಿನ ಮಗು ಕಾಣುವುದಿಲ್ಲ, ಬಸ್ಸನ್ನು ಹಿಂದಿಕ್ಕುವ ಬೈಕಿನವರಿಗೂ ಕಾಣುವುದಿಲ್ಲ. ಇಳಿದು, ಫುಟ್‌ಪಾತಿಗೆ ಬಂದು, ಬಸ್ಸು ಹೊರಟು ರಸ್ತೆ ತೆರವಾಗುವವರೆಗೆ ಕಾಯಬೇಕು. ಕರೆದೊಯ್ಯಲು ಬರುವ ಹಿರಿಯರು ಬಸ್ಸು ನಿಲ್ಲುವ ಕಡೆಯೇ ನಿಲ್ಲಬೇಕು. ಎದುರು ಬದಿಯಿಂದ ಹೆಸರು ಹಿಡಿದು ಕೂಗುವುದು ಮಗುವನ್ನು ರಸ್ತೆಗೆ ಎಳೆದಂತೆ.

ಸ್ಕೂಟರಿನಲ್ಲಿ ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಗುವಿದ್ದರೆ ಸವಾರನಿಗೆ ಮಗುವನ್ನು ಬಿಗಿಯುವ ಬೆಲ್ಟ್ ಬೇಕು, ವೇಗ 40 ಮೀರಬಾರದು. ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಇನ್ನು ಹೈಸ್ಕೂಲು ಹುಡುಗರ ಕೈಗೆ ಗಾಡಿ ಕೊಡುವ ಮನೆಯವರಿಗೆ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ.

ಎಷ್ಟು ವಯಸ್ಸಿಗೆ ಎಷ್ಟು, ಕಲಿಸುವುದು ಹೇಗೆ

ಐದಾರು ವರ್ಷದವರೆಗೆ ಕಲಿಯಬೇಕಾದ್ದು ಎರಡೇ: ಅಂಚು ಬಂದರೆ ನಿಲ್ಲುವುದು, ದೊಡ್ಡವರ ಕೈ ಬಿಡದಿರುವುದು. ಬೆರಳು ಹಿಡಿದರೆ ಮಗು ಜಾರಿಸಿಕೊಳ್ಳುತ್ತದೆ, ಮಣಿಕಟ್ಟು ಹಿಡಿಯಿರಿ, ವಾಹನದ ಕಡೆ ನೀವಿರಿ. ಆರರಿಂದ ಎಂಟರ ನಡುವೆ ಜಾಗ ಆರಿಸುವುದನ್ನು, ಸಂದಿಯ ಎರಡು ನಿಲುಗಡೆಯನ್ನು ಕೈಹಿಡಿದೇ ಕಲಿಸಬಹುದು. ಒಂಬತ್ತು ಹತ್ತರ ಹೊತ್ತಿಗೆ, ಅಭ್ಯಾಸವಾಗಿದ್ದರೆ, ಪರಿಚಿತವಾದ ಸಣ್ಣ ರಸ್ತೆಯನ್ನು ಒಂಟಿಯಾಗಿ ದಾಟಲು ಬಿಡಬಹುದು. ದೊಡ್ಡ ಸರ್ಕಲ್ಲು, ಹೆದ್ದಾರಿ ಹನ್ನೆರಡರ ನಂತರ. ಆ ವಯಸ್ಸಿನ ಶತ್ರು ಬೇರೆ, ಕಿವಿಯ ಇಯರ್‌ಫೋನು ಮತ್ತು ಗೆಳೆಯರ ಗುಂಪು. ಗುಂಪಿನಲ್ಲಿ ಮೊದಲಿನವನೊಬ್ಬನೇ ನೋಡುತ್ತಾನೆ, ಉಳಿದವರು ಅವನ ಬೆನ್ನು ನೋಡಿ ನುಗ್ಗುತ್ತಾರೆ.

ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಡ್ರಮ್‌ಚಾಪೆಲ್ ಎಂಬಲ್ಲಿ 1990ರ ದಶಕದಲ್ಲಿ ರೂಪುಗೊಂಡು ಮುಂದೆ ‘ಕರ್ಬ್‌ಕ್ರಾಫ್ಟ್’ ಎಂದು ಹೆಸರಾದ ಪದ್ಧತಿ ಐದರಿಂದ ಏಳು ವರ್ಷದ ಮಕ್ಕಳಿಗೆ ಮೂರು ಪಾಠ ಕಲಿಸುತ್ತದೆ: ಸುರಕ್ಷಿತ ಜಾಗ ಹುಡುಕುವುದು, ನಿಂತ ವಾಹನಗಳ ನಡುವೆ ದಾಟುವುದು, ಕೂಡುರಸ್ತೆಯಲ್ಲಿ ದಾಟುವುದು. ತರಬೇತಿ ಪಡೆದ ಊರಿನ ಪೋಷಕರೇ ಎರಡು ಮೂರು ಮಕ್ಕಳನ್ನು ನಿಜವಾದ ರಸ್ತೆಯ ಬಳಿಗೆ ಕರೆದೊಯ್ದು ಕಲಿಸುತ್ತಾರೆ. ಇದನ್ನು ಇಲ್ಲಿ ಮಾಡಲು ದುಡ್ಡು ಬೇಕಿಲ್ಲ. ಮೂರು ಮಕ್ಕಳಿಗೆ ಒಬ್ಬ ಹಿರಿಯರು, ವಾರಕ್ಕೊಮ್ಮೆ ಅರ್ಧ ಗಂಟೆ, ಒಂದೊಂದು ಪಾಠಕ್ಕೆ ನಾಲ್ಕೈದು ವಾರ ಸಾಕು. ಉತ್ತರ ಮಗುವಿನ ಬಾಯಿಂದ ಬರುವಂತೆ ಕೇಳುವುದೇ ಇದರ ಗುಟ್ಟು.

‘ಎಲ್ಲಿ ದಾಟೋಣ, ಪುಟ್ಟ?’

‘ಇಲ್ಲೇ, ಮಿಸ್.’

‘ಇಲ್ಲಿಂದ ಯಾವ ಕಡೆ ಕಾಣ್ತಿಲ್ಲ ನಿಂಗೆ?’

‘ಆ ಕಡೆ. ವ್ಯಾನ್ ಅಡ್ಡ ಇದೆ.’

‘ಮತ್ತೆ?’

‘ಆ ಮರದ ಹತ್ರ ಹೋಗೋಣ ಮಿಸ್. ಅಲ್ಲಿಂದ ಎರಡೂ ಕಡೆ ಕಾಣುತ್ತೆ.’

ಜನವರಿಯ ರಸ್ತೆ ಸುರಕ್ಷತಾ ಮಾಸದ ಜಾಥಾ ಊರಿನ ಗಮನ ಸೆಳೆಯುತ್ತದೆ. ಆದರೆ ಅರವತ್ತು ಮಕ್ಕಳು ಸಾಲಾಗಿ, ಮೇಷ್ಟ್ರು ವಾಹನ ತಡೆದು ನಿಂತಾಗ ದಾಟಿದರೆ ಅವರು ಕಲಿಯುವುದು ಸಾಲಿನಲ್ಲಿ ನಡೆಯುವುದನ್ನು. ರಕ್ತದ ಚಿತ್ರ ತೋರಿಸಿ ಹೆದರಿಸಿದರೆ ಮಗು ನಡುರಸ್ತೆಯಲ್ಲಿ ಗಾಬರಿಯಾಗಿ ಹಿಂದಕ್ಕೆ ಓಡುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು, ವಾರದ ಪಾಠದ ಮರುದಿನವೇ ಅಪ್ಪನೋ ಅಮ್ಮನೋ ತಡವಾಯಿತೆಂದು ಡಿವೈಡರ್ ಹಾರಿಸಿಕೊಂಡು ಹೋಗುವುದು.

ಕಲಿತಿದೆಯೇ ಎಂದು ತಿಳಿಯಲು ಬಾಯಿಪರೀಕ್ಷೆ ಬೇಡ. ಮನೆಯಿಂದ ಶಾಲೆಯ ದಾರಿಯಲ್ಲಿ, ವಾಹನ ಕಡಿಮೆ ಇರುವ ಹೊತ್ತಿನಲ್ಲಿ, ಮಗುವನ್ನು ಮುಂದೆ ಬಿಟ್ಟು ಕೈಗೆಟುಕುವಷ್ಟೇ ಹಿಂದೆ ಮಾತಿಲ್ಲದೆ ನಡೆಯಿರಿ. ನಿಂತಿತೇ, ಮೂರು ಸಲ ನೋಡಿತೇ, ನಡೆದೇ ದಾಟಿತೇ ಎಂದು ಗಮನಿಸಿ. ಒಂದು ಹೆಜ್ಜೆ ತಪ್ಪಿದರೆ ಅದೊಂದನ್ನೇ ಮತ್ತೆ ಒಂದು ವಾರ ಮಾಡಿಸಿ. ಬೇರೆ ಬೇರೆ ದಿನ, ಒಮ್ಮೆಯಾದರೂ ಮಳೆಯಲ್ಲಿ, ಒಮ್ಮೆಯಾದರೂ ಆಚೆ ಬದಿಯಲ್ಲಿ ಗೆಳೆಯನೊಬ್ಬ ನಿಂತು ಕರೆಯುತ್ತಿರುವಾಗ, ಹೀಗೆ ಮೂರು ಸಲ ತಪ್ಪಿಲ್ಲದೆ ದಾಟಿದ ಮೇಲೆ ಆ ಒಂದು ರಸ್ತೆಯ ಮಟ್ಟಿಗೆ ಕೈ ಬಿಡಬಹುದು. ಮುಂದಿನ ರಸ್ತೆಗೆ ಮತ್ತೆ ಮೊದಲಿನಿಂದ.